ಪೊರೆ ಸಿಕ್ಕಿತು, ಹಾವು ಸತ್ತಿತು!

ಮೊದಲು ಒಂದು ಒಗಟು. ತಲೆಯಿಲ್ಲದವನು ಟೋಪಿ ಕೇಳಿದ, ಕೈಯಿಲ್ಲದವಳು ಹೊಲಿದುಕೊಟ್ಟಳು, ಬಾಯಿಲ್ಲದವನು ನೋಡಿ ನಕ್ಕ. ಏನದು? ಬಿಡಿ, ತಲೆ ಕೆರೆದುಕೊಳ್ಳಬೇಡಿ. ನಮ್ಮ ಮೇಷ್ಟ್ರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಿಲ್ಲ. ಕತೆಗೆ ಬನ್ನಿ.

ಕಾಡಿನಂಚಿನ ಹೊಂಡವೊಂದರಲ್ಲಿ ಕಪ್ಪೆಗಳಿದ್ದವು. ದಡದ ಹುತ್ತದಲ್ಲಿ ಒಂದು ಕೇರೆ ಹಾವಿತ್ತು. ಅದಕ್ಕೇ ಕಪ್ಪೆಗಳಲ್ಲಿ ಒಂದು ಕಟ್ಟಳೆ: ಮಳೆ ಬಂದು ಎಲ್ಲರೂ ಹಾಡುವಾಗ ಒಬ್ಬ ಮಾತ್ರ ಬಾಯಿ ಮುಚ್ಚಿಕೊಂಡು ಕಲ್ಲಿನ ಮೇಲೆ ಕಾವಲು ಕೂರಬೇಕು. ಹಾವು ಕಂಡರೆ ಅವನು ನೀರಿಗೆ ಧುಮುಕುತ್ತಾನೆ. ಆ ಸದ್ದಿಗೆ ಎಲ್ಲರೂ ಮುಳುಗಿಬಿಡುತ್ತಾರೆ.

ಕಣ್ಣು ಚುರುಕು ಎಂದು ಗೊಟರಪ್ಪನನ್ನು ಕಾವಲಿಗೆ ಕೂರಿಸಿದ್ದರು. ಪಾಪ, ಹೊಂಡದಲ್ಲೇ ದೊಡ್ಡ ಗಂಟಲು ಅವನದು. ಆದರೆ ಒಂದು ಮಳೆಗಾಲವೂ ಹಾಡಿದವನಲ್ಲ.

ಒಂದು ದಿನ ಮುದುಕ ಡೊಳ್ಳಜ್ಜ ಹಾವಿನ ಪೊರೆಯನ್ನು ಎಳೆದುಕೊಂಡು ಬಂದ. "ಬನ್ರೋ, ನೋಡ್ರೋ! ಹಾವು ಸತ್ತುಹೋಯ್ತು!"

ಗೊಟರಪ್ಪನ ತಂಗಿ ಚಿಮ್ಮಿ ಪೊರೆಯೊಳಗೆ ಇಣುಕಿದಳು. "ಅಜ್ಜಾ, ಇದರೊಳಗೆ ಹಾವೇ ಇಲ್ಲವಲ್ಲ?"

"ಸತ್ತ ಮೇಲೆ ಎಲ್ಲಿರುತ್ತದೆ, ಪೆದ್ದಿ?"

"ಮೊನ್ನೆ ನೀವೂ ಚರ್ಮ ಕಳಚಿದಿರಲ್ಲ. ಸತ್ತಿರೇನು?"

ಅಜ್ಜ ಹೊಟ್ಟೆ ಉಬ್ಬಿಸಿದ. "ಕಳಚಿದ ಚರ್ಮವನ್ನು ನಾನು ನುಂಗಿದೆ. ಕಪ್ಪೆಗಳೆಲ್ಲ ನುಂಗುತ್ತೇವೆ. ಹಾವು ಯಾಕೆ ನುಂಗಲಿಲ್ಲ ಹೇಳು? ಸತ್ತದ್ದಕ್ಕೇ!"

"ಹೌದಲ್ಲಾ!" ಎಂದವು ಕಪ್ಪೆಗಳು. ಎಂಥಾ ಬುದ್ಧಿ!

ಚಿಮ್ಮಿ ಅಣ್ಣನ ಹತ್ತಿರ ಓಡಿದಳು. "ಅಣ್ಣಾ, ನೀನಾದರೂ ಹೇಳು. ಹೆಣ ನೋಡಿದೆಯಾ?"

"ಇಲ್ಲ ಕಣೇ. ಆದರೆ ಅದು ಸಾಯಲಿ ಅಂತ ಎಷ್ಟು ಆಸೆಪಟ್ಟಿದ್ದೆ ಗೊತ್ತಾ? ಇಷ್ಟು ಆಸೆಪಟ್ಟದ್ದು ಸುಳ್ಳಾಗುತ್ತದಾ? ಇವತ್ತು ನಾನೂ ಹಾಡುತ್ತೇನೆ, ಹೋಗು!"

ಸಂಜೆ ಮಳೆ ಧೋ ಎಂದು ಸುರಿಯಿತು. ಕಾವಲಿನ ಕಲ್ಲು ಖಾಲಿ. ಗೊಟರಪ್ಪ ದಡದಲ್ಲಿ ಕಣ್ಣುಮುಚ್ಚಿ ಹಾಡಿದ. ಅಬ್ಬಾ, ಎಂಥಾ ಗಂಟಲು! ಉಳಿದವರು ತಮ್ಮ ಹಾಡು ಮರೆತು ಕೇಳುತ್ತಾ ಕುಳಿತರು.

ಹುತ್ತದಿಂದ ಹಾವು ಬಂತು. ಹೊಸ ಮೈ ಥಳಥಳ ಹೊಳೆಯುತ್ತಿತ್ತು.

"ಅಣ್ಣಾ! ಹಿಂದೆ ನೋಡೋ!" ಚಿಮ್ಮಿ ಕಿರುಚಿದಳು. ಅವನ ಹಾಡಿನಲ್ಲಿ ಅವಳ ಕೂಗು ಯಾರಿಗೂ ಕೇಳಿಸಲಿಲ್ಲ. ಹಾವು ಅವನ ಹಿಂಗಾಲನ್ನು ಹಿಡಿದೇಬಿಟ್ಟಿತು!

ಅಷ್ಟರಲ್ಲಿ ಆಕಾಶದಿಂದ ಒಂದು ಹದ್ದು ಎರಗಿ ಹಾವನ್ನು ಎತ್ತಿಕೊಂಡು ಹೋಯಿತು. ಗೊಟರಪ್ಪ ಪುಳಕ್ಕನೆ ನೀರಿಗೆ ಬಿದ್ದ. ಅಣ್ಣ-ತಂಗಿ ಅಪ್ಪಿಕೊಂಡರು.

ಸಮಾಧಾನವಾಯಿತಾ?

ಹದ್ದು ಬರಲೇ ಇಲ್ಲ ಕಣ್ರೀ. ಅದನ್ನು ನಾನೇ ಸೇರಿಸಿದ್ದು. ಅಂಥಾ ಸುರಿಯುವ ಮಳೆಯಲ್ಲಿ ಹದ್ದು ಹೇಗೆ ಹಾರಿತು ಅಂತ ನಿಮ್ಮಲ್ಲಿ ಒಬ್ಬರಾದರೂ ಕೇಳಿದಿರಾ? ನಡೆದದ್ದು ಇಷ್ಟೇ: ಹಾಡು ಅರ್ಧಕ್ಕೆ ನಿಂತಿತು.

ನೀತಿ: ನಿಜವಾಗಿರಲಿ ಎಂದು ಮನಸ್ಸು ಬಯಸುವ ಸುದ್ದಿಯನ್ನೇ ಮೊದಲು ಅನುಮಾನಿಸಬೇಕು.