ಎದುರಾಳಿಯ ಚೆಂಡು

"ಗುರುಗಳೇ, ಇಷ್ಟು ವರ್ಷ ದೇವರನ್ನು ಹುಡುಕಿದೆ. ಉಪವಾಸ ಮಾಡಿದೆ, ಮೌನ ಹಿಡಿದೆ, ನಸುಕಿನಲ್ಲೆದ್ದು ಕುಳಿತೆ. ಸಾಧಕರು ಬಂದರು ಎಂದು ಊರವರು ನನಗೆ ದಾರಿ ಬಿಟ್ಟು ಕೈಮುಗಿಯುತ್ತಾರೆ. ದೇವರು ಮಾತ್ರ ಸಿಗಲಿಲ್ಲ. ಯಾಕೆ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. "ಗಾಲ್ಫ್ ಆಟ ನೋಡಿದ್ದೀಯಾ?" ಎಂದರು.

"ಇಲ್ಲ."

"ನಷ್ಟವೇನಿಲ್ಲ ಬಿಡು. ಕೋಲಿನಿಂದ ಚೆಂಡು ಹೊಡೆಯುವುದು, ಅದರ ಹಿಂದೆ ನಡೆಯುವುದು, ಕುಳಿಗೆ ಬೀಳುವ ತನಕ ಮತ್ತೆ ಹೊಡೆಯುವುದು. ಕಡಿಮೆ ಹೊಡೆತದಲ್ಲಿ ಮುಗಿಸಿದವರು ಗೆದ್ದರು. ಇನ್ನು ನಡುವೆ ಬಾಯಿ ಹಾಕಬೇಡ, ಕೇಳು."

ಕೊಡಗಿನ ಕಡೆ ಗುಡ್ಡದ ಮೇಲೆ ಒಂದು ಹಳೆಯ ಕ್ಲಬ್ಬು. ಅವರು ವರ್ಷಕ್ಕೊಮ್ಮೆ ಮಕ್ಕಳ ಗಾಲ್ಫ್ ಪಂದ್ಯ ನಡೆಸುತ್ತಿದ್ದರು. ಗೆದ್ದ ಮಗುವಿಗೆ ಒಂದು ಬೆಳ್ಳಿ ಕಪ್ಪು, ಜೊತೆಗೆ ಒಂದು ವರ್ಷ ದೊಡ್ಡ ತರಬೇತುದಾರರ ಹತ್ತಿರ ಕಲಿಕೆ. ಕಪ್ಪು ಯಾರಿಗೆ ಬೇಕು? ಮಕ್ಕಳೆಲ್ಲ ಆಸೆಪಟ್ಟದ್ದು ಆ ಕಲಿಕೆಗೆ. ದೇಚಮ್ಮ ಎಂಬ ಹುಡುಗಿಗೆ ಅದು ಕೊನೆಯ ಅವಕಾಶ. ಮುಂದಿನ ವರ್ಷ ಅವಳು ಮಕ್ಕಳ ಲೆಕ್ಕಕ್ಕೆ ಬರುತ್ತಿರಲಿಲ್ಲ. ಊಟ ನಿದ್ದೆ ಬಿಟ್ಟು ಅಭ್ಯಾಸ ಮಾಡಿದ್ದಳು, ಪಾಪ.

ಕೊನೆಯ ಕುಳಿಗೆ ಬರುವಾಗ ಇಬ್ಬರು ಸಮಸಮ. ಒಬ್ಬಳು ದೇಚಮ್ಮ, ಇನ್ನೊಬ್ಬಳು ಸಫೂರಾ. ಆಗ ಮಂಜು ಇಳಿಯಿತು. ಗುಡ್ಡ ಹೋಯಿತು, ಮರ ಹೋದವು, ಕ್ಲಬ್ಬಿನ ಕಟ್ಟಡವೂ ಹೋಯಿತು. ಇನ್ನೊಂದೇ ಕುಳಿ, ಮುಗಿಸಿಬಿಡಿ ಎಂದರು ಜೊತೆಗಿದ್ದ ಕ್ಲಬ್ಬಿನ ಹಿರಿಯರು. ಹುಡುಗಿಯರು ಬಿಳುಪಿನೊಳಗೆ ಚೆಂಡು ಹೊಡೆದರು. ಹೊಡೆದದ್ದು ಎಲ್ಲಿಗೆ ಹೋಗುತ್ತದೆಂದು ಹೊಡೆದವರಿಗೇ ಕಾಣದು. ತಮ್ಮ ಹೆಜ್ಜೆಯ ಸದ್ದೂ ಬೇರೆ ಯಾರದೋ ಎನ್ನುವ ಹಾಗೆ ನಡೆದರು.

ದೇಚಮ್ಮನ ಚೆಂಡು ಹುಲ್ಲಿನ ನಡುವೆ ಸಿಕ್ಕಿತು. ಸಫೂರಾಳದ್ದು ಸಿಗಲಿಲ್ಲ.

ಆ ಆಟದಲ್ಲಿ ಒಂದು ಪದ್ಧತಿ ಇದೆ, ನನಗೆ ಬಹಳ ಇಷ್ಟ. ಒಬ್ಬರ ಚೆಂಡು ಕಳೆದರೆ ಎದುರಾಳಿಯೂ ಹುಡುಕಿಕೊಡಬೇಕು. ಅದು ಸಿಗದಿದ್ದರೆ ಯಾರಿಗೆ ಲಾಭವೋ ಅವರೇ ಬಗ್ಗಿ ಹುಡುಕಬೇಕು! ಅದಕ್ಕೂ ಕೆಲವೇ ನಿಮಿಷ. ಅಷ್ಟರಲ್ಲಿ ಸಿಗದಿದ್ದರೆ ಚೆಂಡಿನ ಒಡತಿ ಹಿಂದಕ್ಕೆ ಹೋಗಿ ಮತ್ತೆ ಹೊಡೆಯಬೇಕು, ಮೇಲೆ ಒಂದು ಹೊಡೆತದ ದಂಡ. ಆ ಹೊತ್ತಿನಲ್ಲಿ ಹಾಗಾದರೆ ಸೋತಂತೆಯೇ.

ಸಫೂರಾ ಚೆಂಡು ಹೊಡೆದಾಗ ಬಲಗಡೆ ಟಕ್ ಎಂದು ಮರಕ್ಕೆ ಬಡಿದ ಸದ್ದಾಗಿತ್ತು. ಎದೆ ಡವಗುಟ್ಟುತ್ತಿದ್ದ ಸಫೂರಾಗೆ ಅದು ಕೇಳಿಸಿರಲಿಲ್ಲ. ಹಿರಿಯರಿಗೆ ಕಿವಿ ಮಂದ. ದೇಚಮ್ಮನಿಗೆ ಕೇಳಿಸಿತ್ತು. ಕೇಳಿಸಿತೋ, ಹಾಗೆ ಅನ್ನಿಸಿತೋ ಎಂದುಕೊಂಡಳು. ಎಡಗಡೆಯ ಪೊದೆಯತ್ತ ನಡೆದಳು. ಉಳಿದಿಬ್ಬರೂ ಅವಳ ಹಿಂದೆಯೇ ಹೋದರು.

ಎಂಥಾ ಹುಡುಕಾಟ ಅಂತೀಯಾ! ಮಂಡಿಯೂರಿ ಹುಲ್ಲು ಬಿಡಿಸಿದಳು. ಮುಳ್ಳಿಗೆ ಕೈ ಹಾಕಿದಳು. ಸಫೂರಾ ಎದ್ದು ನಿಂತು ಬೆವರು ಒರೆಸಿಕೊಂಡರೂ ಇವಳು ಏಳಲಿಲ್ಲ. ಹಿರಿಯರು ಗಡಿಯಾರ ನೋಡಿ "ಸಾಕು ಮಕ್ಕಳೇ, ಸಮಯ ಆಯ್ತು" ಎಂದರು.

ದೇಚಮ್ಮ ಗೆದ್ದಳು.

ಸಫೂರಾ ಕಣ್ಣೊರೆಸಿಕೊಂಡು ಬಂದು ಅವಳ ಕೈ ಹಿಡಿದಳು. "ನನ್ನ ಚೆಂಡನ್ನು ನನಗಿಂತ ನೀನೇ ಹೆಚ್ಚು ಹುಡುಕಿದೆ ಕಣೇ. ಕೈಯೆಲ್ಲ ರಕ್ತ ಮಾಡಿಕೊಂಡಿದ್ದೀಯಲ್ಲ. ನಿನ್ನ ಉಪಕಾರ ಮರೆಯಲ್ಲ" ಎಂದಳು.

ದೇಚಮ್ಮ ಕೈ ಬಿಡಿಸಿಕೊಂಡಳು. ಎಲ್ಲರೂ ಕ್ಲಬ್ಬಿನ ಕಡೆ ಹೋದರು, ಅವಳು ಮಂಜಿನೊಳಕ್ಕೆ ಹಿಂದಿರುಗಿದಳು. ಈ ಸಲ ಹುಡುಕಲಿಲ್ಲ. ಎಡಕ್ಕೆ ತಿರುಗಲಿಲ್ಲ, ಬಗ್ಗಲಿಲ್ಲ, ಹುಲ್ಲು ಬಿಡಿಸಲಿಲ್ಲ. ನಿದ್ದೆಯಲ್ಲಿ ನಡೆಯುವವಳ ಹಾಗೆ ನೆಟ್ಟಗೆ ಬಲಗಡೆಯ ಮರದ ಬುಡಕ್ಕೆ ಹೋದಳು. ಚೆಂಡು ಅಲ್ಲೇ ಇತ್ತು. ಅಡಗಿ ಕೂತಿರಲೂ ಇಲ್ಲ. ಎತ್ತಿಕೊಂಡು ಮುಷ್ಟಿಯಲ್ಲಿ ಹಿಡಿದು ಬಿಕ್ಕಿಬಿಕ್ಕಿ ಅತ್ತಳು. ಮಂಜಿನ ಆಚೆಯಿಂದ ಅವಳ ಹೆಸರು ಕೂಗುತ್ತಿದ್ದರು, ಚಪ್ಪಾಳೆ ಕೇಳುತ್ತಿತ್ತು.

ಗುರುಗಳು ಎಲೆ ಮಡಿಸಿ ಬಾಯಿಗಿಟ್ಟುಕೊಂಡರು.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಆಮೇಲೆ? ಆ ಹುಡುಗಿ ನಿಜ ಹೇಳಿದಳೇ? ಗೆಲುವು ಬಿಟ್ಟುಕೊಟ್ಟಳೇ?"

"ಅದು ಅವಳ ಪಾಡು, ನಿನಗ್ಯಾಕಯ್ಯಾ?" ಎಂದು ಗುರುಗಳು ರೇಗಿದರು.

"ಹಾಗಲ್ಲ ಗುರುಗಳೇ. ಅವಳೇನೂ ಸುಮ್ಮನೆ ಕೂತಿರಲಿಲ್ಲವಲ್ಲ. ಕೈ ಗೀರಿಕೊಂಡು ಹುಡುಕಿದಳಲ್ಲ!"

"ಹುಡುಕಿದಳು ಮಾರಾಯ, ಹುಡುಕಿದಳು. ಈಗ ನಿನ್ನದು ಹೇಳು: ದೇವರು ಇವತ್ತೇ ಸಿಕ್ಕಿಬಿಟ್ಟರೆ, ನಿನ್ನ ಕೈಯಿಂದ ಏನು ತಪ್ಪಿಹೋಗುತ್ತದೆ?"

ಶಿಷ್ಯ ತಲೆ ತಗ್ಗಿಸಿದ. ಆ ಸಂಜೆ ಊರವರು ಕೈಮುಗಿಯುವ ಬೀದಿ ಬಿಟ್ಟು ಹಿಂದಿನ ದಾರಿಯಿಂದ ಹೋದ.