ಟ್ರಂಕಿನ ಗಿಟಾರಿಗೆ ಮಾತು ಬರಿಸಿದ ಸಣ್ಣತಾಯಮ್ಮ

ನಮ್ಮ ಅಜ್ಜಂದಿರ ಮೀಸೆ ಇನ್ನೂ ಕಪ್ಪಗಿದ್ದ ಕಾಲದಲ್ಲಿ, ಬೇವಿನಕೋಡಿ ಅನ್ನುವ ಊರಲ್ಲಿ ಸಣ್ಣತಾಯಮ್ಮ ಅಂತ ಒಬ್ಬ ಹೆಂಗಸು ಇದ್ದಳಂತೆ. ಯಾವ ಇಸವಿ ಅಂತ ಕೇಳಬೇಡಿ. ಊರಿಗೆ ಕರೆಂಟು ಬಂದಿತ್ತು, ಬಂದಷ್ಟೇ ಬೇಗ ಹೋಗಿಯೂ ಬಿಡುತ್ತಿತ್ತು. ಅಷ್ಟು ತಿಳಿದರೆ ಸಾಕು.

ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವುದು ಸಣ್ಣತಾಯಮ್ಮನ ಕಸುಬು. ಗಂಡ ಮಾಡುತ್ತಿದ್ದ ಕೆಲಸ, ಅವನು ತೀರಿಕೊಂಡ ಮೇಲೆ ಇವಳ ಕೈಗೆ ಬಂತು. ಕಣ್ಣು ಮುಚ್ಚಿಕೊಂಡು ಸುತ್ತಿದರೂ ಒಂದು ಸುತ್ತು ಹೆಚ್ಚು ಕಡಿಮೆ ಆಗುತ್ತಿರಲಿಲ್ಲವಂತೆ. ಅವಳು ಬಾವಿಕಟ್ಟೆ ಹತ್ತಿದ ಬಳೆ ಸದ್ದಿಗೇ ನಿಂತ ಮೋಟಾರು ಹೆದರಿ ಓಡಲು ಶುರುಮಾಡುತ್ತಿತ್ತು ಅಂತಲೂ ಹೇಳುತ್ತಾರೆ. ಬಳೆಯ ಮಾತು ಬಿಡಿ, ಸುತ್ತಿನ ಮಾತು ನಿಜ. ಕೆಟ್ಟ ಸಾಮಾನು ಮುಂದಿಟ್ಟರೆ ಅವಳು ಮುಟ್ಟುತ್ತಿರಲಿಲ್ಲ. ಒಂದು ಲೋಟ ಕಾಫಿ ಮುಗಿಯುವ ತನಕ ಅದನ್ನೇ ನೋಡುತ್ತ ಕೂತಿರುತ್ತಿದ್ದಳು. ಆಮೇಲೆ, ಇದಕ್ಕೆ ಕೊನೆಯದಾಗಿ ಕೈ ಹಾಕಿದವರು ಯಾರು ಅಂತ ಕೇಳುತ್ತಿದ್ದಳು. ಅರ್ಧ ರಿಪೇರಿ ಆ ಪ್ರಶ್ನೆಯಲ್ಲೇ ಮುಗಿಯುತ್ತಿತ್ತಂತೆ.

ಅದೇ ಊರಲ್ಲಿ ಬೋರಲಿಂಗಯ್ಯ ಅಂತ ತಗಡಿನ ಟ್ರಂಕು ಮಾಡುವವನಿದ್ದ. ಅವನ ಹೆಂಡತಿ ದೇವೀರಮ್ಮ. ಇಬ್ಬರೂ ಎದುರು ಬದುರು ಕೂತು ಮೂವತ್ತು ವರ್ಷ ತಗಡು ಬಡಿದರು. ದೇವೀರಮ್ಮ ಸೋಬಾನೆ ಎತ್ತಿದರೆ ಮದುವೆಮನೆಯ ಅಡುಗೆಯವರೂ ಸೌಟು ಕೆಳಗಿಟ್ಟು ಕೇಳುತ್ತಿದ್ದರಂತೆ. ಆದರೆ ಆ ಬಡಿತಕ್ಕೆ ಅವಳ ಕಿವಿ ಮಂದವಾಯಿತು. ತನ್ನ ದನಿ ತನಗೇ ಕೇಳದ ಮೇಲೆ, ಶ್ರುತಿ ತಪ್ಪಿ ಜನ ನಕ್ಕಾರೆಂದು ಹಾಡುವುದನ್ನೇ ನಿಲ್ಲಿಸಿಬಿಟ್ಟಳು. ಬೋರಲಿಂಗಯ್ಯನಿಗೆ ಅನ್ನ ಸೇರಲಿಲ್ಲ. ತನ್ನ ಸುತ್ತಿಗೆಯೇ ಅವಳ ಹಾಡು ತಿಂದಿತು ಅಂತ ಕಂಡ ಕಂಡವರ ಹತ್ತಿರ ಹೇಳಿಕೊಂಡು ಅಳುತ್ತಿದ್ದನಂತೆ.

ಪೇಟೆಯಲ್ಲಿ ಒಮ್ಮೆ ಅವನು ಕರೆಂಟಿನ ಗಿಟಾರು ಕೇಳಿದ. ಅದರ ಸದ್ದಿಗೆ ಎದೆಯೇ ನಡುಗಿತು. ಇಂಥದ್ದೊಂದು ಇದ್ದರೆ ದೇವೀರಮ್ಮನಿಗೂ ಕೇಳಿಸೀತು ಅಂದುಕೊಂಡ. ಕೊಳ್ಳುವ ತಾಕತ್ತಿಲ್ಲ, ತಗಡಂತೂ ಮನೆ ತುಂಬ ಇದೆ. ಟ್ರಂಕಿನ ತಗಡಲ್ಲೇ ಗಿಟಾರಿನ ಮೈ ಮಾಡಿದ. ತಂತಿಗಳ ಕೆಳಗೆ ಅಯಸ್ಕಾಂತ ಕೂರಿಸಿ, ಅದರ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ಎಳೆ ಸುತ್ತಿದ. ತಂತಿ ಅಲುಗಿದ್ದು ಆ ಸುರುಳಿಗೆ ತಿಳಿಯುತ್ತದೆ, ಸುರುಳಿ ಅದನ್ನು ಸದ್ದು ದೊಡ್ಡದು ಮಾಡುವ ಮೈಕಿನ ಪೆಟ್ಟಿಗೆಗೆ ಮುಟ್ಟಿಸುತ್ತದೆ. ಉಪಾಯವೇನೋ ಇಷ್ಟೇ. ಆದರೆ ಮೀಟಿದರೆ ರಾಗದ ಬದಲು ಗುಂಯ್ ಅನ್ನುವ ಸದ್ದು, ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ. ದೇವೀರಮ್ಮನಿಗೆ ಅದು ಕೇಳಿಸಿತು. ಕೇಳಿಸಿದ್ದಕ್ಕೇ ಎದ್ದು ಹೋದಳು.

ಆಗ ಅವನು ಗಿಟಾರನ್ನು ಪಂಚೆಯಲ್ಲಿ ಸುತ್ತಿಕೊಂಡು, ಮೈಕಿನ ಪೆಟ್ಟಿಗೆ ಹೊತ್ತುಕೊಂಡು ಸಣ್ಣತಾಯಮ್ಮನ ಜಗುಲಿಗೆ ಬಂದ. ನೋಡಲು ಊರೇ ಹಿಂದೆ ಬಂತು. ದೇವೀರಮ್ಮನೂ ಬಂದಳು, ಗಂಡನ ಮಾನ ಎಷ್ಟು ಹೋಗುತ್ತದೋ ನೋಡೋಣ ಅಂತ.

ಸಣ್ಣತಾಯಮ್ಮ ಕಾಫಿ ಕುಡಿದಳು. ಮೈಕಿನ ಪೆಟ್ಟಿಗೆಯನ್ನು ಲಾರಿಯ ಬ್ಯಾಟರಿಗೆ ಹಾಕಿದಳು, ಯಾರಿಗೂ ಶಾಕು ಹೊಡೆಯುವ ಭಯವಿಲ್ಲದ ಹಾಗೆ. ಗಿಟಾರಿನ ಹಿಂಬದಿ ಬಿಚ್ಚಿದರೆ ಒಳಗೆಲ್ಲ ಸೈಕಲ್ಲು ಟ್ಯೂಬು! ಕಬ್ಬಿಣದ ಮೈ, ಹೆಂಡತಿ ಮುಟ್ಟಿದಾಗ ಕರೆಂಟು ಹೊಡೆದರೆ ಅಂತ ಬೋರಲಿಂಗಯ್ಯ ಸುರುಳಿಯ ಒಂದು ತುದಿಯೂ ಮೈಗೆ ತಾಗದಂತೆ ಕಟ್ಟಿದ್ದ. ಸಣ್ಣತಾಯಮ್ಮ ನಕ್ಕಳು. ಸುರುಳಿಯ ಒಂದು ತುದಿ ತಗಡಿಗೆ ಸೇರಲೇಬೇಕು, ತಂತಿಗಳೂ ಅದಕ್ಕೇ ಸೇರಬೇಕು, ಆಗಲೇ ಗುಂಯ್ ನಿಲ್ಲುವುದು ಅಂತ ತಿಳಿಸಿ ಹೇಳಿದಳು. ಟ್ಯೂಬು ಕಿತ್ತು, ಆ ತುದಿಯನ್ನು ತಗಡಿಗೆ ಬೆಸುಗೆ ಹಾಕಿದಳು. ಗುಂಯ್ ನಿಂತಿತು. ಜನ ಚಪ್ಪಾಳೆ ಹೊಡೆದರು.

ಬೋರಲಿಂಗಯ್ಯ ಮೀಟಿದ. ಸದ್ದೇ ಇಲ್ಲ. ಇನ್ನೊಮ್ಮೆ ಮೀಟಿದ. ಗಿಟಾರು ಪೂರ್ತಿ ಮೂಕವಾಗಿತ್ತು.

ಚಪ್ಪಾಳೆ ಹೊಡೆದವರೇ ಮುಸಿಮುಸಿ ನಕ್ಕರು. ಸಣ್ಣತಾಯಮ್ಮನ ಕೈ ಸೋತದ್ದನ್ನು ಆ ಊರು ಕಂಡಿರಲಿಲ್ಲ. ಅವಳೂ ಕಂಡಿರಲಿಲ್ಲ. ಸುರುಳಿ ನೋಡಿದಳು, ಬೆಸುಗೆ ನೋಡಿದಳು, ಎಲ್ಲ ಸರಿಯಾಗಿಯೇ ಇತ್ತು. ಮತ್ತೊಂದು ಲೋಟ ಕಾಫಿ ಬಂತು, ಅದು ಆರಿಹೋಯಿತು. ಬೋರಲಿಂಗಯ್ಯನ ಮುಖ ನೋಡಿದರೆ ಅವಳಿಗೆ ತನ್ನ ಸೋಲಿಗಿಂತ ಅದೇ ಹೆಚ್ಚು ಸಂಕಟ ಅನ್ನಿಸಿತಂತೆ.

ದೇವೀರಮ್ಮನಿಗೆ ಮಾತೊಂದೂ ಕೇಳಿಸಿರಲಿಲ್ಲ. ಗಂಡನ ಮುಖ ಕಂಡಿತ್ತು. ಅವಳು ಬಂದು ಗಿಟಾರು ಎಳೆದುಕೊಂಡು, ಟ್ರಂಕು ನೋಡುವ ಹಾಗೆಯೇ ಅಂಚುಗಳ ಮೇಲೆ ಬೆರಳಾಡಿಸಿದಳು. ಹೊರಗಡೆ ಎಲ್ಲ ನೀಟಾಗಿ ಮಡಚಿತ್ತು. ವೈರು ಹಾಯಿಸಿದ ತೂತಿಗೆ ಒಳಗಿನಿಂದ ಬೆರಳು ಹಾಕಿದಳು, ಅಯ್ಯಪ್ಪಾ ಅಂತ ತಟ್ಟನೆ ತೆಗೆದಳು. ಬೆರಳಲ್ಲಿ ರಕ್ತ.

"ಮೂವತ್ತು ವರ್ಸ ಟ್ರಂಕ್ ಮಾಡಿದ್ದೀರಿ, ಒಳಗಿನ ಅಂಚು ಮಡಚಾಕೆ ಏನಾಗಿತ್ತು ನಿಮ್ಗೆ?" ಅಂತ ಗಂಡನನ್ನು ಬೈದಳು.

ಹೊರಗೆ ಕೈ ಕೊಯ್ಯದಿದ್ದರೆ ಸಾಕು, ಒಳಗೆ ಯಾರು ನೋಡುತ್ತಾರೆ ಅನ್ನುವುದು ಟ್ರಂಕಿನವರ ರೂಢಿ. ಸಣ್ಣತಾಯಮ್ಮ ದೀಪ ಹಿಡಿದು ನೋಡಿದಳು. ಸುರುಳಿಯ ಇನ್ನೊಂದು ತುದಿಯಿಂದ ಮೈಕಿನ ಪೆಟ್ಟಿಗೆಗೆ ಹೋಗುವ ವೈರಿನ ಸಿಪ್ಪೆಯನ್ನು ಅದೇ ಅಂಚು ಕೊಯ್ದಿತ್ತು, ಒಳಗಿನ ತಾಮ್ರ ತಗಡಿಗೆ ತಾಗಿ ಕೂತಿತ್ತು. ಎರಡು ತುದಿಯೂ ತಗಡಿಗೇ ಸೇರಿದರೆ ಪೆಟ್ಟಿಗೆಗೆ ಸುದ್ದಿ ಹೋಗುವುದಾದರೂ ಹೇಗೆ? ಅವಳು ಆ ತೂತಿನ ಅಂಚು ಮಡಚಿಸಿ, ವೈರಿಗೆ ಅಂಗಿಯ ತೋಳಿನ ಹಾಗೆ ಬಟ್ಟೆಯ ಕೊಳವೆ ತೊಡಿಸಿದಳು.

ಬೋರಲಿಂಗಯ್ಯ ಹೆದರಿ ಹೆದರಿ ಒಂದು ಸೋಬಾನೆಯ ಧಾಟಿ ಮೀಟಿದ. ದನಿ ಬೀದಿ ತುಂಬಿತು. ದೇವೀರಮ್ಮ ಕತ್ತು ಓರೆ ಮಾಡಿ ಕೇಳಿದಳು, ಮುಖ ಸಿಂಡರಿಸಿದಳು.

"ಥೂ, ಎರಡನೇ ಸಾಲೇ ತಪ್ಪು. ಹಿಂಗಲ್ಲ," ಅಂದವಳು ಗಿಟಾರಿನ ಶ್ರುತಿ ಹಿಡಿದು ತಾನೇ ಹಾಡಿ ತೋರಿಸಿದಳು. ತಪ್ಪಿಲ್ಲದ ದನಿ. ಬೋರಲಿಂಗಯ್ಯ ಗಿಟಾರು ತಬ್ಬಿಕೊಂಡು ಅತ್ತ. ಅವತ್ತು ಅವನು ಬೈಸಿಕೊಂಡಷ್ಟು ಸುಖವಾಗಿ ಯಾವ ಗಂಡನೂ ಬೈಸಿಕೊಂಡಿಲ್ಲ ಅಂತ ಹೇಳುತ್ತಾರೆ.

ತನ್ನನ್ನು ಹೊಗಳಿದವರಿಗೆಲ್ಲ ಸಣ್ಣತಾಯಮ್ಮ ಒಂದೇ ಮಾತು ಹೇಳುತ್ತಿದ್ದಳಂತೆ, ಕಿವಿ ಕೇಳದವಳನ್ನು ಮೊದಲೇ ಕೇಳಿದ್ದರೆ ನನ್ನ ಕಾಫಿ ಆರುತ್ತಿರಲಿಲ್ಲ ಅಂತ.

ಅದಕ್ಕೇ ಇವತ್ತಿಗೂ ಬೇವಿನಕೋಡಿಯ ಮದುವೆಗಳಲ್ಲಿ ಕಿವಿ ಮಂದವಾದವರಿಗೆ ಮೊದಲ ಸಾಲಿನ ಚಾಪೆ. ಮೈಕಿನವನು ಹೋಗಿ ಅವರೆದುರು ಕೈ ಮುಗಿದು ನಿಲ್ಲಬೇಕು, ಅವರು ತಲೆಯಾಡಿಸಿದರಷ್ಟೇ ಸೋಬಾನೆ ಶುರು. ಕೆಲವು ಅಜ್ಜಿಯರು ಚೆನ್ನಾಗಿ ಕೇಳಿಸಿದರೂ ಬೇಕೆಂದೇ ಇನ್ನೊಮ್ಮೆ, ಇನ್ನೊಮ್ಮೆ ಅಂತ ಕೈಸನ್ನೆ ಮಾಡುತ್ತಾರೆ. ಊರವರಿಗೆ ಅದು ಗೊತ್ತು. ಯಾರೂ ಅವಸರ ಮಾಡುವುದಿಲ್ಲ.