ಸಾಲಿಗೆ ಎಂಟೋ, ಆರೋ

ಮದುವೆ ಮನೆಯ ಅಡುಗೆಯ ನಾಗವೇಣಮ್ಮ ಆಗಷ್ಟೇ ಮೈಸೂರುಪಾಕನ್ನು ಉದ್ದನೆಯ ತಟ್ಟೆಗೆ ಸುರಿದಿದ್ದಳು. ಬಿಸಿ ಇರುವಾಗಲೇ ಕತ್ತರಿಸಬೇಕು, ಆರಿದರೆ ಕಲ್ಲು. ಅಷ್ಟರಲ್ಲಿ ಗಂಡಿನ ಸೋದರಮಾವ ಅಚ್ಯುತರಾಯರು ಬಂದು ನಿಂತರು.

"ನಮ್ಮದು ಅಷ್ಟಲಕ್ಷ್ಮಿಯನ್ನು ಪೂಜಿಸೋ ಮನೆ. ಸಾಲಿಗೆ ಎಂಟು ತುಂಡು ಬರಬೇಕು. ಇಲ್ಲದಿದ್ದರೆ ನಮ್ಮ ಕಡೆಯವರು ಯಾರೂ ಊಟಕ್ಕೆ ಏಳೋಲ್ಲ."

ಹೆಣ್ಣಿನ ದೊಡ್ಡಪ್ಪ ಸುಬ್ಬರಾಯರಿಗೆ ರೇಗಿತು. "ನಮ್ಮ ಮನೆದೇವರು ಷಣ್ಮುಖ. ಸಾಲಿಗೆ ಆರೇ."

ಮಾತಿಗೆ ಮಾತು ಬೆಳೆಯಿತು. ಇತ್ತ ಪಾಕು ಬಿಗಿಯುತ್ತಾ ಬಂತು. ನಾಗವೇಣಮ್ಮ ಚಾಕು ತೆಗೆದುಕೊಂಡು ಉದ್ದಕ್ಕೂ ಅಡ್ಡಕ್ಕೂ ಸರಸರನೆ ಗೆರೆ ಎಳೆದಳು. ಆಮೇಲೆ ಅಚ್ಯುತರಾಯರನ್ನು ತಟ್ಟೆಯ ಉದ್ದದ ಬದಿಗೆ ಕರೆದಳು.

"ನಿಮ್ಮ ಮುಂದಿನ ಸಾಲು ಎಣಿಸಿ, ರಾಯರೇ."

ಎಂಟಿತ್ತು.

ಸುಬ್ಬರಾಯರನ್ನು ಅಗಲದ ಬದಿಗೆ ನಿಲ್ಲಿಸಿದಳು. ಅವರ ಮುಂದಿನ ಸಾಲಿನಲ್ಲಿ ಆರಿತ್ತು.

ಅಚ್ಯುತರಾಯರು ಸುಲಭಕ್ಕೆ ಬಿಡಲಿಲ್ಲ. "ಹಾಗಾದರೆ ಒಟ್ಟು ಲೆಕ್ಕ ಯಾರದ್ದು?"

"ನೀವು ಎಂಟರ ಮಗ್ಗಿ ಹೇಳಿ, ಅವರು ಆರರದ್ದು ಹೇಳಲಿ. ತಟ್ಟೆ ಮುಗಿದಾಗ ನಿಲ್ಲಿಸಿ."

ಹಿರಿಯರಿಬ್ಬರೂ ಬೆರಳಿಟ್ಟು ಸಾಲು ಸಾಲಾಗಿ ಮಗ್ಗಿ ಒಪ್ಪಿಸಿದರು. ಇಬ್ಬರೂ ನಲವತ್ತೆಂಟಕ್ಕೇ ಬಂದು ನಿಂತರು.

"ನೋಡಿ, ಎರಡು ಮಗ್ಗಿಯಲ್ಲೂ ಬರೋದು ಇದೇ ನಲವತ್ತೆಂಟು. ಎಂಟರಿಂದ ಭಾಗಿಸಿದರೂ ಏನೂ ಮಿಗಲ್ಲ, ಆರರಿಂದ ಭಾಗಿಸಿದರೂ ಮಿಗಲ್ಲ."

ಬೀಗರಿಬ್ಬರೂ ಒಬ್ಬರ ಬಾಯಿಗೆ ಒಬ್ಬರು ಒಂದು ತುಂಡು ಹಾಕಿ ಊಟಕ್ಕೆ ಹೊರಟರು.

ನಾಗವೇಣಮ್ಮ ಸೆರಗಿನಿಂದ ಬೆವರು ಒರೆಸಿಕೊಂಡಳು.

"ಸದ್ಯ, ಯಾರ ಮನೆದೇವರೂ ಏಳುಕೋಟಿ ಮೈಲಾರಲಿಂಗ ಆಗಿರಲಿಲ್ಲ."